ತಿಳಿ, ಗಸಿ ಮತ್ತು ಕರಗಿದ್ದು: ಕೋಲಾರದಿಂದ ನೊಯ್ಯಲ್‌ವರೆಗೆ ಥಿಕ್ನರಿನ ಒಂದು ಚರಿತ್ರೆ

(ವಿಭಾಗದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ. ಕೊನೆಯ ಚರ್ಚೆಯನ್ನು ಸಂಕ್ಷೇಪಿಸಲಾಗಿದೆ.)

ಹಿಂದಿನ ಎರಡು ಗೋಷ್ಠಿಗಳಲ್ಲಿ ನಾವು ಗಣಿ ಕಾರ್ಮಿಕರ ಚರಿತ್ರೆ, ಗಣಿ ಕಂಪನಿಗಳ ಬಂಡವಾಳದ ಚರಿತ್ರೆ ಚರ್ಚಿಸಿದ್ವಿ. ಇವತ್ತು ನಾನು ಒಂದು ಯಂತ್ರದ ಬಗ್ಗೆ ಮಾತಾಡ್ತೀನಿ. ಅದರ ಹೆಸರು ಥಿಕ್ನರ್. ಅದಿರನ್ನು ಅರೆದು ನೀರಲ್ಲಿ ಕಲಸಿದ ರಾಡಿಯಿಂದ ನೀರನ್ನೂ ಗಟ್ಟಿ ಭಾಗವನ್ನೂ ಬೇರೆ ಮಾಡುವ ದೊಡ್ಡ ದುಂಡು ತೊಟ್ಟಿ. ನೋಡೋಕೆ ಏನೂ ಇಲ್ಲ. ಗಿರಣಿಯ ಫೋಟೋಗಳಲ್ಲಿ ಅದು ಒಂದು ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತೆ.

ನಾನು ಅನ್ನೂರಿನವನು. ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ಅದೇ ರಸ್ತೆ ದಿಂಬಂ ಘಾಟಿ ಹತ್ತಿ ಚಾಮರಾಜನಗರ, ಕೊಳ್ಳೇಗಾಲದ ಮೇಲೆ ಬೆಂಗಳೂರಿಗೆ ಹೋಗುತ್ತೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ನಮ್ಮ ಕಡೆ ಬೇಕಾದಷ್ಟಿವೆ. ನಮ್ಮೂರಲ್ಲಿ ಗಣಿ ಇಲ್ಲ. ಆದರೂ ಈ ಯಂತ್ರದ ಚರಿತ್ರೆ ನಮ್ಮೂರಿಗೆ ಯಾಕೆ ಬೇಕು ಅನ್ನೋದು ಮಾತು ಮುಗಿಯುವಷ್ಟರಲ್ಲಿ ಗೊತ್ತಾಗುತ್ತೆ ಅಂದುಕೊಂಡಿದ್ದೇನೆ.

1. ಮೂರು ಪದಗಳು

ಇಂಗ್ಲಿಷ್ ಪಠ್ಯಗಳಲ್ಲಿ ಥಿಕ್ನರಿನ ಮೇಲಿಂದ ಹೊರಬರುವುದನ್ನು ಓವರ್‌ಫ್ಲೋ ಅಂತಲೂ ತಳದಿಂದ ಹೊರಬರುವುದನ್ನು ಅಂಡರ್‌ಫ್ಲೋ ಅಂತಲೂ ಕರೀತಾರೆ. ಕನ್ನಡದಲ್ಲಿ ಇದಕ್ಕೆ ಮೊದಲಿನಿಂದಲೂ ಪದಗಳಿವೆ. ಮೇಲಿನದು ತಿಳಿ, ತಳದ್ದು ಗಸಿ. ತಿಳಿಸಾರು ಅಂತೀವಲ್ಲ, ಅದೇ ತಿಳಿ. ಇವೆರಡರ ಜೊತೆಗೆ ಮೂರನೆಯದೊಂದನ್ನು ನಾನು ಸೇರಿಸ್ತೀನಿ: ಕರಗಿದ್ದು. ಉಪ್ಪು ಹಾಕಿದ ನೀರನ್ನು ಎಷ್ಟು ಹೊತ್ತು ಬಿಟ್ಟರೂ ಉಪ್ಪು ತಳಕ್ಕೆ ಇಳಿಯಲ್ಲ. ನೀರು ತಿಳಿಯಾಗಿ ಕಾಣುತ್ತೆ, ಉಪ್ಪು ಅದರೊಳಗೇ ಇರುತ್ತೆ.

ನನ್ನ ವಾದ ಇಷ್ಟೇ. ಥಿಕ್ನರ್ ಬೇರೆ ಮಾಡುವುದು ತಿಳಿ ಮತ್ತು ಗಸಿಯನ್ನು ಮಾತ್ರ. ಕರಗಿದ್ದು ತಿಳಿಯ ಜೊತೆ ಹೋಗುತ್ತೆ. ಕೋಲಾರದಂಥ ಚಿನ್ನದ ಗಿರಣಿಯಲ್ಲಿ ಕರಗಿದ್ದು ಚಿನ್ನವಾಗಿತ್ತು, ಹಾಗಾಗಿ ಅದರ ಕೊನೆಯ ಹನಿಯವರೆಗೂ ಬೆನ್ನು ಹತ್ತಿದರು. ತಿರುಪ್ಪೂರಿನಲ್ಲಿ ಕರಗಿದ್ದು ಉಪ್ಪಾಗಿತ್ತು, ಹಾಗಾಗಿ ಬಹುಕಾಲ ಅದನ್ನು ನೀರು ಅಂತಲೇ ಲೆಕ್ಕ ಹಾಕಿದರು. ತಂತ್ರಜ್ಞಾನ ಎರಡೂ ಕಡೆ ಗೊತ್ತಿದ್ದದ್ದೇ. ಬೇರೆ ಇದ್ದದ್ದು ಕರಗಿದ್ದರ ಬೆಲೆ.

2. ಯಂತ್ರ ಮಾಡುವ ಕೆಲಸ

ರಾಡಿ ನೀರನ್ನು ತಿಳಿಯಾಗಿಸುವುದು ನಮಗೆ ಹೊಸದೇನಲ್ಲ. ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಕೆಂಪು ನೀರನ್ನು ತಿಳಿಮಾಡುವ ಪದ್ಧತಿ ದಕ್ಷಿಣದ ಹಳ್ಳಿಗಳಲ್ಲಿ ಇತ್ತು. ತಮಿಳಿನಲ್ಲಿ ಅದು ತೇತ್ತಾಂಕೊಟ್ಟೈ, ಸಂಸ್ಕೃತದಲ್ಲಿ ಕತಕ. ಮನುಸ್ಮೃತಿಯಲ್ಲೂ ಇದರ ಪ್ರಸ್ತಾಪ ಇದೆ: ಕತಕದ ಕಾಯಿ ನೀರನ್ನು ತಿಳಿಮಾಡುತ್ತದೆ ನಿಜ, ಆದರೆ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗಲ್ಲ ಅನ್ನುವ ಅರ್ಥದ ಮಾತು ಅಲ್ಲಿ ಬರುತ್ತೆ. ಪಟಿಕ ಮಾಡುವುದೂ ಇದೇ ಕೆಲಸ. ಸಣ್ಣ ಕಣಗಳು ಒಂದೇ ತರದ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ತಾ ತೇಲ್ತಿರುತ್ತವೆ. ಪಟಿಕ ಆ ವಿದ್ಯುದಂಶವನ್ನು ತಗ್ಗಿಸುತ್ತೆ. ಆಗ ಕಣಗಳು ಒಟ್ಟುಗೂಡಿ ದಪ್ಪವಾಗಿ ಇಳೀತವೆ.

ದಪ್ಪ ಯಾಕೆ ಮುಖ್ಯ ಅಂದರೆ, ಇಳಿಯುವ ವೇಗ ಕಣದ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ. 10 ಮೈಕ್ರಾನಿನ ಬೆಣಚುಕಲ್ಲಿನ ಕಣ ನಿಂತ ನೀರಲ್ಲಿ ಒಂದು ಮೀಟರ್ ಇಳಿಯೋಕೆ ಸುಮಾರು 3 ಗಂಟೆ ಬೇಕು. 1 ಮೈಕ್ರಾನಿನ ಕಣಕ್ಕೆ 12–13 ದಿನ. ಕರಗಿದ್ದಕ್ಕೆ ಎಂದೆಂದೂ ಸಾಲದು.

ಈಗ ಯಂತ್ರ. ಅಗಲವಾದ ದುಂಡು ತೊಟ್ಟಿ, ನಡುವೆ ರಾಡಿ ಬೀಳುವ ಬಾವಿಯಂಥ ಕೊಳವೆ. ಗಟ್ಟಿ ಭಾಗ ತಳಕ್ಕೆ ಇಳಿಯುತ್ತೆ. ತಳದಲ್ಲಿ ಕುಂಟೆಯ ಹಾಗಿರುವ ತೋಳುಗಳು ಬಹಳ ನಿಧಾನವಾಗಿ ತಿರುಗುತ್ತಾ ಗಸಿಯನ್ನು ನಡುವಿನ ಗುಂಡಿಗೆ ತಳ್ಳುತ್ತವೆ, ಅಲ್ಲಿಂದ ಪಂಪು ಎಳೆಯುತ್ತೆ. ತಿಳಿ ಅಂಚಿನ ಮೇಲೆ ಉಕ್ಕಿ ಸುತ್ತಲಿನ ಕಾಲುವೆಗೆ ಬೀಳುತ್ತೆ. ನಿಲ್ಲಿಸದೆ ಹಗಲೂ ರಾತ್ರಿ ನಡೆಯುತ್ತೆ ಅನ್ನೋದೇ ಇದರ ವಿಶೇಷ. ಇದಕ್ಕೆ ಮುಂಚೆ ತೊಟ್ಟಿ ತುಂಬಿಸಿ, ಕಾದು, ಮೇಲಿನ ನೀರು ಬಸಿದು, ಗಸಿ ಬಾಚಿ, ಮತ್ತೆ ತುಂಬಿಸಬೇಕಿತ್ತು.

ನಿಲ್ಲದೆ ನಡೆಯುವ ಈ ಥಿಕ್ನರನ್ನು ರೂಪಿಸಿದವರು ಜಾನ್ ವ್ಯಾನ್ ನಾಸ್ಟ್ರಂಡ್ ಡಾರ್. ಅಮೆರಿಕದ ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್ ಚಿನ್ನದ ಗಿರಣಿಗಳಲ್ಲಿ, 1905ರ ಆಸುಪಾಸು. 1916ರಲ್ಲಿ ಕೋ ಮತ್ತು ಕ್ಲೆವೆಂಜರ್ ಅನ್ನುವ ಇಬ್ಬರು, ಗಾಜಿನ ಜಾಡಿಯಲ್ಲಿ ರಾಡಿ ಇಳಿಯುವ ವೇಗ ಅಳೆದು ಅದರಿಂದ ತೊಟ್ಟಿಯ ಅಗಲ ಎಷ್ಟಿರಬೇಕು ಅಂತ ಲೆಕ್ಕ ಹಾಕುವ ಕ್ರಮ ಕೊಟ್ಟರು. 1952ರಲ್ಲಿ ಕಿಂಚ್ ಅದಕ್ಕೆ ಗಣಿತದ ಸಿದ್ಧಾಂತ ಒದಗಿಸಿದರು. ಅದೇ ದಶಕದಿಂದ ಪಟಿಕ, ಸುಣ್ಣದ ಜಾಗಕ್ಕೆ ಪಾಲಿಅಕ್ರಿಲಮೈಡ್ ತರದ ಉದ್ದ ಸರಪಳಿಯ ರಾಸಾಯನಿಕಗಳು ಬಂದವು. ಒಂದು ಟನ್ ಗಟ್ಟಿ ಪದಾರ್ಥಕ್ಕೆ ಕೆಲವು ಗ್ರಾಂ ಸಾಕು.

ಇದರಿಂದ ಎಷ್ಟು ನೀರು ಸಿಗುತ್ತೆ? ರಾಡಿಯ ತೂಕದಲ್ಲಿ 20 ಪಾಲು ಗಟ್ಟಿ, 80 ಪಾಲು ನೀರು ಅಂತಿಟ್ಟುಕೊಳ್ಳಿ. ಅಂದರೆ 1 ಟನ್ ಗಟ್ಟಿಗೆ 4 ಟನ್ ನೀರು. ಅದನ್ನು 60 ಪಾಲು ಗಟ್ಟಿಯಾಗುವಷ್ಟು ಮಂದ ಮಾಡಿದರೆ ಗಸಿಯ ಜೊತೆ ಹೋಗುವ ನೀರು ಮುಕ್ಕಾಲು ಟನ್ನಿಗಿಂತ ಕಡಿಮೆ. ಮಿಕ್ಕ ಸುಮಾರು 3.3 ಟನ್ ನೀರು ಗಿರಣಿಗೆ ವಾಪಸ್ಸು. ದಿನಕ್ಕೆ 1,000 ಟನ್ ಅರೆಯುವ ಗಿರಣಿಗೆ 33 ಲಕ್ಷ ಲೀಟರು. ಬರಡು ಸೀಮೆಯಲ್ಲಿ ಗಣಿ ನಡೆಯೋದು ಇಂಥ ಲೆಕ್ಕದ ಮೇಲೆ.

3. ಕೋಲಾರ: ಕರಗಿದ್ದೇ ಚಿನ್ನ

ಗ್ಲಾಸ್ಗೋದಲ್ಲಿ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1887ರಲ್ಲಿ. ತೆಳುವಾದ ಸೈನೈಡ್ ದ್ರಾವಣ ಗಾಳಿಯ ಜೊತೆ ಸೇರಿ ಅರೆದ ಕಲ್ಲಿನೊಳಗಿನ ಚಿನ್ನವನ್ನು ಕರಗಿಸುತ್ತೆ. ಆಮೇಲೆ ಸತುವು ಹಾಕಿ ಚಿನ್ನವನ್ನು ವಾಪಸ್ಸು ಪಡೀತಾರೆ. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಕೋಲಾರದ ಗಣಿಗಳಿಗೆ 1890ರ ದಶಕದಲ್ಲಿ ಈ ವಿಧಾನ ಬಂತು. ಕೆಜಿಎಫ್ ಬಗ್ಗೆ ಮಾತಾಡುವಾಗ ನಾವು 1902ರ ಶಿವನಸಮುದ್ರದ ಕರೆಂಟನ್ನು ತಪ್ಪದೆ ನೆನೆಸ್ತೀವಿ. ಅಷ್ಟೇ ಮುಖ್ಯವಾದದ್ದು ಪಾಲಾರ್ ನದಿಯ ಬೇತಮಂಗಲ ಕೆರೆಯ ನೀರು. ಅರೆಯೋದಕ್ಕೆ, ಕರಗಿಸೋದಕ್ಕೆ, ತೊಳೆಯೋದಕ್ಕೆ ಎಲ್ಲಕ್ಕೂ ನೀರು ಬೇಕಿತ್ತು.

ಆ ಕಾಲದ ಎಲ್ಲ ಸೈನೈಡ್ ಗಿರಣಿಗಳಿಗೂ ಒಂದೇ ತಲೆನೋವು. ಮರಳಿನಂಥ ದಪ್ಪ ಪುಡಿಯ ಮೂಲಕ ದ್ರಾವಣ ಸಲೀಸಾಗಿ ಇಳೀತಿತ್ತು. ಹಿಟ್ಟಿನಂಥ ನುಣುಪು ಪುಡಿ, ಅಂದರೆ ಲೋಳೆ ಮಣ್ಣು, ದ್ರಾವಣವನ್ನು ಒಳಕ್ಕೂ ಬಿಡ್ತಿರಲಿಲ್ಲ, ಹೊರಕ್ಕೂ ಬಿಡ್ತಿರಲಿಲ್ಲ. ಸುಣ್ಣ ಹಾಕಿ, ಕಾದು, ಬಸಿದು ಮಾಡ್ತಿದ್ದರು. ಥಿಕ್ನರ್ ಹುಟ್ಟಿದ್ದು ಈ ತಲೆನೋವಿನಿಂದಲೇ.

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ವಾದದ ಕೀಲು ಇಲ್ಲಿದೆ. ಗಸಿ ಅರ್ಧ ಗಟ್ಟಿ, ಅರ್ಧ ದ್ರಾವಣ ಅಂತಿಟ್ಟುಕೊಂಡರೆ, ಪ್ರತಿ ಟನ್ ಮಣ್ಣಿನ ಜೊತೆ ಒಂದು ಟನ್ ಚಿನ್ನದ ನೀರು ಕೈತಪ್ಪಿ ಹೋಗುತ್ತೆ. ಅದನ್ನು ಬಿಡೋಕಾಗುತ್ತಾ? ಅದಕ್ಕೆ 3 ಟನ್ ಶುದ್ಧ ನೀರು ಸೇರಿಸಿ ಮತ್ತೆ ಇಳಿಬಿಟ್ಟರೆ ಗಸಿಯಲ್ಲಿ ಉಳಿಯೋದು ಕಾಲು ಭಾಗ. ಇನ್ನೊಮ್ಮೆ ಮಾಡಿದರೆ ಹದಿನಾರರಲ್ಲಿ ಒಂದು, ಮೂರನೇ ಸಲಕ್ಕೆ ಅರವತ್ತನಾಲ್ಕರಲ್ಲಿ ಒಂದು. ಪ್ರತಿ ಸಲವೂ ಹೊಸ ನೀರು ಹಾಕಿದರೆ ನೀರೂ ಪೋಲು, ದ್ರಾವಣವೂ ತೆಳು. ಅದಕ್ಕೆ ಥಿಕ್ನರುಗಳನ್ನು ಸಾಲಾಗಿ ಇಟ್ಟು, ಗಸಿಯನ್ನು ಒಂದು ದಿಕ್ಕಿಗೆ, ತೊಳೆಯುವ ನೀರನ್ನು ಎದುರು ದಿಕ್ಕಿಗೆ ಹರಿಸುವ ಕ್ರಮ ಬಂತು. ಅತ್ಯಂತ ಶುದ್ಧ ನೀರು ಕೊನೆಯ ಗಸಿಯನ್ನು ತೊಳೆಯುತ್ತೆ. ಅದೇ ನೀರು ಹಿಂದಕ್ಕೆ ಬರ್ತಾ ಬರ್ತಾ ಚಿನ್ನ ಕೂಡಿಸಿಕೊಳ್ಳುತ್ತೆ. ಮನೆಯಲ್ಲಿ ಪಾತ್ರೆ ಜಾಲಿಸುವಾಗ ಕೊನೆಗೆ ಜಾಲಿಸಿದ ನೀರನ್ನೇ ಮುಂದಿನ ಪಾತ್ರೆಗಳ ಮೊದಲ ತೊಳೆತಕ್ಕೆ ಬಳಸುವ ಜಾಣತನ ಇದೆಯಲ್ಲ, ಅದೇ.

ಅಂದರೆ ಕರಗಿದ ಪದಾರ್ಥವನ್ನು ಗಸಿಯಿಂದ ತೊಳೆದು ತೆಗೆದು, ಕೊನೆಗೆ ದ್ರಾವಣದಿಂದಲೂ ಬೇರ್ಪಡಿಸುವುದು ಒಂದು ಶತಮಾನದ ಹಿಂದೆಯೇ ಗಿರಣಿಯ ದಿನನಿತ್ಯದ ಕೆಲಸ ಆಗಿತ್ತು.

ಗಸಿಯ ಕಥೆ ಬೇರೆ. ಅದು ಗುಡ್ಡವಾಯಿತು. ಕೆಜಿಎಫ್ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಸುಮಾರು 120 ವರ್ಷದಲ್ಲಿ ಬಂದ ಚಿನ್ನ 800 ಟನ್ ಆಸುಪಾಸು. ಉಳಿದ ಗಸಿ 3 ಕೋಟಿ ಟನ್ನಿಗೂ ಹೆಚ್ಚು. ಗಾಳಿ ಎದ್ದರೆ ಆ ಪುಡಿ ಊರಿನ ಮೇಲೆ ಬೀಳುತ್ತೆ. 2024ರ ಜೂನಿನಲ್ಲಿ ಕರ್ನಾಟಕದ ಸಚಿವ ಸಂಪುಟ ಇಂಥ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಬೆಲೆ ಏರಿದಾಗ ಗಸಿಯೂ ಅದಿರಾಗುತ್ತೆ. ಅಲ್ಲಿಯವರೆಗೆ ಅದು ಯಾರದ್ದೂ ಅಲ್ಲ.

4. ಕುದುರೆಮುಖ: ಗಸಿಗೆ ಜಾಗ ಎಲ್ಲಿ

ಎರಡನೇ ಉದಾಹರಣೆಯನ್ನು ಬೇಗ ಮುಗಿಸ್ತೀನಿ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾದದ್ದು 1976ರಲ್ಲಿ, ಇರಾನಿಗೆ ಅದಿರು ಕೊಡುವ ಒಪ್ಪಂದದ ಮೇಲೆ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಇಲ್ಲದಂತಾಯಿತು. ಆದರೂ ಗಿರಣಿ ಎದ್ದಿತು. ಮ್ಯಾಗ್ನೆಟೈಟ್ ಅದಿರನ್ನು ಅರೆದು, ಕಬ್ಬಿಣದ ಭಾಗವನ್ನು ಬೇರೆ ಮಾಡಿ, ಮಂದ ರಾಡಿಯಾಗಿ 67 ಕಿ.ಮೀ. ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸ್ತಿದ್ದರು. ಇಂಥ ಪೈಪಿಗೆ ರಾಡಿಯ ಮಂದ ಸರಿಯಾಗಿರಬೇಕು. ತೆಳುವಾದರೆ ನೀರು ಸಾಗಿಸಿದ ಹಾಗಾಯ್ತು. ಅತಿ ಮಂದವಾದರೆ ಪೈಪು ಕಟ್ಟಿಕೊಳ್ಳುತ್ತೆ. ಆ ಹದ ತರುವುದು ಥಿಕ್ನರಿನ ಕೆಲಸ.

ವರ್ಷಕ್ಕೆ 6,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಾಗ ಅದು. ಅಲ್ಲಿ ನೀರಿನ ಬರ ಇರಲಿಲ್ಲ, ಗಸಿಗೆ ಜಾಗದ ಬರ ಇತ್ತು. ಭದ್ರೆಯ ಉಪನದಿ ಲಕ್ಯಾಕ್ಕೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಒಂದು ಕಣಿವೆಯನ್ನೇ ಗಸಿಯಿಂದ ತುಂಬಿಸಿದರು. ಗಣಿ ಪ್ರದೇಶದಿಂದ ಭದ್ರೆಗೆ ಇಳಿಯುವ ಹೂಳು ವಿವಾದವಾಯಿತು. ಕೆ.ಎಂ. ಚಿನ್ನಪ್ಪ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ಹೋಯಿತು, ಲಕ್ಯಾ ಕಣಿವೆಯ ಗಸಿ ಅಲ್ಲೇ ಇದೆ. ಅದನ್ನು ಕಾಯುವ ಕೆಲಸಕ್ಕೆ ನಿವೃತ್ತಿ ಇಲ್ಲ.

5. ನೊಯ್ಯಲ್: ಕರಗಿದ್ದೇ ಕೇಡು

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿ ಗಣಿಯ ಬದಲು ಬಟ್ಟೆ. ಆದರೆ ಬಣ್ಣದ ಘಟಕಗಳ ಕೊಳೆನೀರಿಗೆ ಬಳಸುವ ಕ್ಲ್ಯಾರಿಫೈಯರ್ ಇದೆಯಲ್ಲ, ಅದು ಥಿಕ್ನರಿನ ಸ್ವಂತ ತಮ್ಮ. ಅದೇ ದುಂಡು ತೊಟ್ಟಿ, ಅದೇ ಕುಂಟೆ, ಅದೇ ಅಂಚಿನ ಕಾಲುವೆ. ಗಣಿಯಲ್ಲಿ ಗಸಿ ಎಷ್ಟು ಮಂದ ಅಂತ ನೋಡ್ತಾರೆ. ಇಲ್ಲಿ ತಿಳಿ ಎಷ್ಟು ತಿಳಿ ಅಂತ ನೋಡ್ತಾರೆ.

ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಿಡಿಯಬೇಕಾದರೆ ಬಣ್ಣದ ನೀರಿಗೆ ಲೀಟರಿಗೆ 40ರಿಂದ 80 ಗ್ರಾಂ ಉಪ್ಪು ಹಾಕಬೇಕು. ಉಪ್ಪು ಬಣ್ಣವನ್ನು ನೂಲಿನ ಕಡೆಗೆ ದೂಡುತ್ತೆ, ತಾನು ಮಾತ್ರ ನೂಲಿಗೆ ಹತ್ತಲ್ಲ. ಹಾಕಿದಷ್ಟೂ ಕೊಳೆನೀರಿಗೇ ಹೋಗುತ್ತೆ. ತಿರುಪ್ಪೂರಿನ ಬಣ್ಣದ ಘಟಕಗಳನ್ನು ನಮ್ಮ ಕಡೆ ಸಾಯಪಟ್ಟರೆ ಅಂತಾರೆ. ನೂರಾರು ಸಾಯಪಟ್ಟರೆಗಳ ನೀರು ನೊಯ್ಯಲ್ ಸೇರ್ತಿತ್ತು.

1990ರ ದಶಕದ ಕೊನೆಯಲ್ಲಿ ಸಾಮೂಹಿಕ ಶುದ್ಧೀಕರಣ ಘಟಕಗಳು ಬಂದವು. ಸುಣ್ಣ, ಫೆರಸ್ ಸಲ್ಫೇಟ್, ಪಾಲಿಮರ್ ಹಾಕಿ ಕ್ಲ್ಯಾರಿಫೈಯರಿನಲ್ಲಿ ಇಳಿಬಿಟ್ಟರು. ಬಣ್ಣ ಗಸಿಗೆ ಹೋಯಿತು, ನೀರು ತಿಳಿಯಾಯಿತು. ನೋಡಿದವರಿಗೆ ಶುದ್ಧ ಅಂತಲೇ ಅನ್ನಿಸಬೇಕು. ಲೀಟರಿಗೆ 2,100 ಮಿಲಿಗ್ರಾಂ ಮಿತಿ ಇದ್ದ ಕಡೆ ಹಲವು ಸಾವಿರ ಮಿಲಿಗ್ರಾಂ ಉಪ್ಪು ಹಾಗೇ ಉಳಿದಿತ್ತು.

ಇದಕ್ಕೂ ಮೊದಲೇ, 1992ರಲ್ಲಿ, ತಿರುಪ್ಪೂರಿನ ಕೆಳಗೆ ನೊಯ್ಯಲಿಗೆ ಒರತ್ತುಪಾಳಯಂ ಅಣೆಕಟ್ಟು ಸಿದ್ಧವಾಗಿತ್ತು. ಬೇಸಾಯಕ್ಕೆ ಕಟ್ಟಿದ್ದು. ಅದೇ ಯಾರೂ ವಿನ್ಯಾಸ ಮಾಡದ ಒಂದು ದೊಡ್ಡ ಥಿಕ್ನರ್ ಆಯಿತು. ಹರಿಯುವ ಹೊಳೆ ಅಲ್ಲಿ ನಿಂತಿತು, ಗಸಿ ತಳಕ್ಕೆ ಇಳಿಯಿತು, ಕರಗಿದ್ದು ಸುತ್ತಲಿನ ಬಾವಿಗಳಿಗೆ ಇಳಿಯಿತು. ನೀರು ಇದ್ದೂ ಹೊಲಕ್ಕೆ ಬಿಡಬೇಡಿ ಅಂತ ಆಯಕಟ್ಟಿನ ರೈತರೇ ಹೇಳುವ ಸ್ಥಿತಿ ಬಂತು. ಅಣೆಕಟ್ಟು ಕೇಳಿದವರೇ ಅದರ ನೀರು ಬೇಡ ಅನ್ನೋದು, ನೀರಾವರಿ ಚರಿತ್ರೆ ಓದುವವರು ನಿಂತು ಯೋಚಿಸಬೇಕಾದ ಸಂಗತಿ.

ರೈತರು ಕೋರ್ಟಿಗೆ ಹೋದರು. ಅಷ್ಟರಲ್ಲಿ 1996ರ ಆಗಸ್ಟಿನಲ್ಲಿ ವೆಲ್ಲೂರು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಡಿಸಿದವರೇ ಬೆಲೆ ತೆರಬೇಕು ಅನ್ನುವ ತತ್ವವನ್ನು ನಮ್ಮ ಕಾನೂನಿನ ಭಾಗ ಅಂತ ಹೇಳಿತ್ತು. ಆ ಪ್ರಕರಣ ಚರ್ಮದ ಘಟಕಗಳಿಂದ ಕೆಟ್ಟ ಪಾಲಾರ್ ನದಿಯದ್ದು. ಹೌದು, ಬೇತಮಂಗಲದಲ್ಲಿ ಕೆಜಿಎಫ್‌ಗೆ ನೀರು ಕೊಟ್ಟ ಅದೇ ಪಾಲಾರ್. ನೊಯ್ಯಲ್ ವಿಚಾರದಲ್ಲಿ ಮದ್ರಾಸ್ ಹೈಕೋರ್ಟ್ 2006ರ ಡಿಸೆಂಬರಿನಲ್ಲಿ ಹೊರಕ್ಕೆ ಒಂದು ಹನಿಯೂ ಬಿಡಬಾರದು ಅನ್ನುವ ದಿಕ್ಕಿನ ಆದೇಶ ಕೊಟ್ಟಿತು. ಪಾಲನೆಯಾಗಲಿಲ್ಲ ಅಂತ 2011ರ ಜನವರಿ 28ರಂದು ಎಲ್ಲ ಬಣ್ಣದ ಘಟಕಗಳನ್ನೂ ಮುಚ್ಚಿಸಿತು. ಸಾವಿರಾರು ಜನರ ಕೂಲಿ ನಿಂತಿತು, ಆ ನೋವನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ದೊಡ್ಡ ಪ್ರಮಾಣದಲ್ಲಿ ರಿವರ್ಸ್ ಆಸ್ಮೋಸಿಸ್, ಆವಿ ಮಾಡುವ ಕಡಾಯಿಗಳು, ಉಪ್ಪು ಹರಳುಗಟ್ಟಿಸುವ ವ್ಯವಸ್ಥೆ ಬಂದವು. ಕರಗಿದ್ದರ ಬೆನ್ನು ಹತ್ತುವ ಕೆಲಸ ಕೊನೆಗೂ ಶುರುವಾಯಿತು. ಚಿನ್ನದ ಗಿರಣಿಗಳು ಲಾಭಕ್ಕಾಗಿ ಮಾಡಿದ್ದನ್ನು ಇಲ್ಲಿ ಕೋರ್ಟು ಮಾಡಿಸಬೇಕಾಯಿತು.

6. ಅನ್ನೂರಿಗೆ ಬಂದರೆ

ಅನ್ನೂರು ನೊಯ್ಯಲಿನ ದಡದಲ್ಲಿಲ್ಲ. ಗಟ್ಟಿ ಕಲ್ಲಿನ ನೆಲ, ಆಳದ ಬೋರ್‌ವೆಲ್, ಕುದುರೆಮುಖದ ಹತ್ತನೇ ಒಂದು ಪಾಲಿನ ಆಸುಪಾಸು ಮಳೆ. ಆರು ದಶಕ ಕೇಳಿದ ಮೇಲೆ ಅತ್ತಿಕಡವು–ಅವಿನಾಶಿ ಯೋಜನೆ 2024ರ ಆಗಸ್ಟ್ 17ರಂದು ಚಾಲೂ ಆಯಿತು. ಭವಾನಿಯ ಹೆಚ್ಚುವರಿ 1.5 ಟಿಎಂಸಿ ನೀರನ್ನು ಪಂಪ್ ಮಾಡಿ ಈರೋಡು, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತುಂಬಿಸುವ ಯೋಜನೆ. ಅನ್ನೂರು ಭಾಗದ ಕೆರೆಗಳೂ ಅದರಲ್ಲಿವೆ. ಅದರ ಉದ್ದೇಶವೇ ಅಂತರ್ಜಲ ಏರಿಸೋದು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಡಿ. ಅನ್ನೂರು, ಮೇಟ್ಟುಪಾಳಯಂ ತಾಲ್ಲೂಕುಗಳಲ್ಲಿ 3,862 ಎಕರೆ ಕೈಗಾರಿಕಾ ಪ್ರದೇಶದ ಪ್ರಸ್ತಾವ ಬಂದು, 2022ರಲ್ಲಿ ರೈತರು ದೊಡ್ಡ ಹೋರಾಟ ಮಾಡಿದರು. ಒಪ್ಪದ ರೈತರ ಜಮೀನು ಮುಟ್ಟಲ್ಲ ಅಂತ ಸರ್ಕಾರ ಹೇಳಿತು. ಅಂಥ ಪ್ರಸ್ತಾವ ಯಾವ ಊರಿಗೆ ಬಂದರೂ ಶುದ್ಧೀಕರಣ ಘಟಕ ಇರುತ್ತೆ ಅನ್ನುವ ಮಾತು ಜೊತೆಗೇ ಬರುತ್ತೆ. ಆಗ ಕೇಳಬೇಕಾದ ಪ್ರಶ್ನೆಗಳನ್ನು ಈ ಯಂತ್ರದ ಚರಿತ್ರೆ ನಮಗೆ ಕೊಡುತ್ತೆ. ತಿಳಿ ಎಲ್ಲಿಗೆ ಹೋಗುತ್ತೆ? ಗಸಿ ಯಾರ ಜಮೀನಲ್ಲಿ, ಎಷ್ಟು ವರ್ಷ ಇರುತ್ತೆ? ಕರಗಿದ್ದನ್ನು ಯಾರು ಅಳೀತಾರೆ? ಮೊದಲ ಎರಡಕ್ಕೆ ಉತ್ತರ ಸಿಕ್ಕಿ ಮೂರನೆಯದಕ್ಕೆ ಸಿಗದಿದ್ದರೆ, ಭವಾನಿಯಿಂದ ದುಡ್ಡು ಕೊಟ್ಟು ತಂದು ಇಂಗಿಸಿದ ನೀರಿನೊಳಕ್ಕೇ ಅದು ಇಳಿಯುತ್ತೆ.

ಚರ್ಚೆ

ಒಬ್ಬ ಸಂಶೋಧನಾ ವಿದ್ಯಾರ್ಥಿನಿ: ಸರ್, ತಿರುಪ್ಪೂರಿನಲ್ಲಿ ಈಗ ಹರಳಾಗಿ ಬರುವ ಉಪ್ಪು ಏನಾಗುತ್ತೆ?

ಒಳ್ಳೆಯ ಪ್ರಶ್ನೆ. ಸೋಡಿಯಂ ಸಲ್ಫೇಟ್ ಬೇರೆಯಾಗಿ ಸಿಕ್ಕಿದರೆ ಅದನ್ನೂ ಉಪ್ಪು ನೀರನ್ನೂ ಮತ್ತೆ ಬಣ್ಣಕ್ಕೆ ಬಳಸ್ತಾರೆ. ಬೇರೆ ಬೇರೆ ಲವಣ ಬೆರೆತ ಉಪ್ಪಿಗೆ ಗಿರಾಕಿ ಇಲ್ಲ. ಅದು ಚೀಲ ಚೀಲವಾಗಿ ಶೆಡ್ಡುಗಳಲ್ಲಿ ಕೂತಿರುತ್ತೆ. ಅಂದರೆ ಕರಗಿದ್ದು ಗಸಿಯಾಯಿತು, ಈಗ ಅದು ಕೋಲಾರ, ಲಕ್ಯಾದ ಪ್ರಶ್ನೆ.

ವಿಭಾಗದ ಒಬ್ಬ ಅಧ್ಯಾಪಕರು: ಯಂತ್ರಕ್ಕೆ ತಪ್ಪು ಹೊರಿಸಿದ ಹಾಗಾಗಲಿಲ್ಲವೇ? ಥಿಕ್ನರ್ ಇಲ್ಲದಿದ್ದರೆ ಇನ್ನೂ ಹೆಚ್ಚು ನೀರು ಹಾಳಾಗ್ತಿತ್ತು.

ನಿಜ ಸರ್. ಯಂತ್ರ ತನಗೆ ಹೇಳಿದ ಕೆಲಸವನ್ನು ಚೆನ್ನಾಗಿಯೇ ಮಾಡಿತು. ನನ್ನ ಆಕ್ಷೇಪ ಲೆಕ್ಕಪುಸ್ತಕದ ಮೇಲೆ. ಅದರಲ್ಲಿ ವಾಪಸ್ಸು ಬಂದ ನೀರಿಗೆ ಒಂದು ಕಾಲಂ ಇತ್ತು. ಗಸಿಗೆ ಇರಲಿಲ್ಲ. ಕರಗಿದ್ದಕ್ಕೆ ಅದು ಚಿನ್ನವಾಗಿದ್ದಾಗ ಮಾತ್ರ ಇತ್ತು.

ಇನ್ನೊಬ್ಬ ವಿದ್ಯಾರ್ಥಿ: ಹಳ್ಳಿಯವರು ಕರಗಿದ್ದನ್ನು ಅಳೆಯೋದು ಹೇಗೆ? ಪ್ರಯೋಗಾಲಯ ಬೇಕಲ್ವಾ?

ಪೂರ್ತಿ ವಿಶ್ಲೇಷಣೆಗೆ ಬೇಕು. ಆದರೆ ಒಟ್ಟು ಕರಗಿದ ಲವಣ ಅಂದಾಜಿಸುವ ಟಿಡಿಎಸ್ ಮೀಟರ್ ಜೇಬಲ್ಲಿ ಹಿಡಿಯುತ್ತೆ, ಬೆಲೆ ಕೆಲವು ನೂರು ರೂಪಾಯಿ. ಯಾವ ಲವಣ ಅಂತ ಅದು ಹೇಳಲ್ಲ, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಹೇಳುತ್ತೆ. ಊರಿನ ಹತ್ತು ಬಾವಿಗಳ ಅಳತೆಯನ್ನು ಕಾರ್ಖಾನೆ ಬರುವ ಮೊದಲೇ, ತಿಂಗಳಿಗೊಮ್ಮೆ, ದಿನಾಂಕ ಹಾಕಿ ಬರೆದಿಟ್ಟರೆ ಸಾಕು. ಮೊದಲು ನೀರು ಹೇಗಿತ್ತು ಅನ್ನುವ ದಾಖಲೆ ಕೈಲಿಲ್ಲದವರು ಕೋರ್ಟಿನಲ್ಲಿ ಬಹಳ ಕಷ್ಟಪಡ್ತಾರೆ. ಅನ್ನೂರಿನ ಕೆರೆಗಳಿಗೆ ಈಗ ಹೊಸ ನೀರು ಬರುತ್ತಿದೆ. ಬರೆಯಲು ಶುರು ಮಾಡೋಕೆ ಇದೇ ಸರಿಯಾದ ಸಮಯ.